ಟ್ಯಾಂಗೊ ಹೆಜ್ಜೆ ಸರಿ ಇದ್ದರೂ ಕುಣಿತ ಸಪ್ಪೆ ಯಾಕೆ?

ಪ್ರಶ್ನೆ: ಶಿವಮೊಗ್ಗದಲ್ಲಿ ವಿಡಿಯೊ ನೋಡಿಕೊಂಡು ನಾನೂ ನನ್ನ ಗಂಡನೂ ಅರ್ಜೆಂಟೀನಾದ ಜೋಡಿ ಕುಣಿತ ಟ್ಯಾಂಗೊ ಕಲಿಯುತ್ತಿದ್ದೇವೆ. ಹೆಜ್ಜೆ ತಪ್ಪುವುದಿಲ್ಲ. ಆದರೆ ಯಾವ ಹಾಡು ಹಾಕಿದರೂ ಕುಣಿತ ಒಂದೇ ಥರ. ಸಿಂಕೋಪೇಶನ್ ಸೇರಿಸಿ ಅಂತಾರೆ. ಅದನ್ನು ಅಭ್ಯಾಸ ಮಾಡೋದು ಹೇಗೆ?

ಉತ್ತರ: ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕಾಲಿಗೆ ಬನ್ನಿ. ಮೃದಂಗವನ್ನೋ ಭರತನಾಟ್ಯವನ್ನೋ ಸ್ವಲ್ಪ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

ಟ್ಯಾಂಗೊದ ಒಂದು ಆವರ್ತವನ್ನು ಎಂಟು ಅಕ್ಷರ ಅಂದುಕೊಳ್ಳಿ. ಮಾಮೂಲಿ ನಡಿಗೆ ಅಂದರೆ ತಕಧಿಮಿ ತಕಧಿಮಿ. ಪ್ರತಿ ‘ತ’ಕ್ಕೆ ಒಂದು ಹೆಜ್ಜೆ. ಈಗ ಅದೇ ಎಂಟನ್ನು ತಕಿಟ ತಕಿಟ ತಕ ಎಂದು ಒಡೆಯಿರಿ: 3, 3, 2. ಐದನೇ ಅಕ್ಷರಕ್ಕೆ ಬೀಳಬೇಕಿದ್ದ ಹೆಜ್ಜೆ ನಾಲ್ಕಕ್ಕೇ ಬಿತ್ತು, ಅಲ್ವಾ? ಮೂರನೆಯದು ಏಳಕ್ಕೆ ಬೀಳುತ್ತದೆ. ಹೀಗೆ ಪೆಟ್ಟಿನಿಂದ ಜರುಗಿ ಬೀಳುವುದೇ ಸಿಂಕೋಪೇಶನ್. ಒಂದಕ್ಕೂ ಐದಕ್ಕೂ ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಇದನ್ನು ಹೇಳಿ. ಕೈ ತಪ್ಪದೆ ಬಂದ ಮೇಲೆ ಕಾಲಿಗೆ ಇಳಿಸಿ. ತಾಳ ಗಟ್ಟಿಯಿಲ್ಲದಿದ್ದರೆ ನೋಡುವವರಿಗೂ ಜೊತೆಗಾರರಿಗೂ ಅದು ಬರೀ ಎಡವಟ್ಟು.

ಒಂದು ವಿಷಯ ಹೆಚ್ಚಿನವರು ಹೇಳುವುದಿಲ್ಲ. ಎರಡು ಹೆಜ್ಜೆಯ ಜಾಗದಲ್ಲಿ ಮೂರು ಇಟ್ಟಿರುವುದರಿಂದ ಮುಂದಿನ ಆವರ್ತ ಇನ್ನೊಂದು ಕಾಲಿನಿಂದ ಶುರುವಾಗುತ್ತದೆ. ತಿರುಗುವ ಯೋಚನೆ ಇದ್ದರೆ ಯಾವ ಕಾಲು ಮೈಭಾರ ಇಲ್ಲದೆ ಖಾಲಿ ಇರುತ್ತದೆ ಎಂದು ಮೊದಲೇ ಗೊತ್ತಿರಲಿ. ಆ ಮೂರು ಹೆಜ್ಜೆ ಚಿಕ್ಕದಾಗಿರಲಿ. ಮುನ್ನಡೆಸುವವರು ಎದೆಯ ಚಲನೆಯಿಂದಲೇ ಸ್ವಲ್ಪ ಮೊದಲು ಸೂಚನೆ ಕೊಡಬೇಕು. ಕೈಯಿಂದ ಎಳೆದರೆ ಎದುರಿನವರು ತಡವಾಗುತ್ತಾರೆ. ನಮ್ಮ ಕಡೆಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಟ್ಯಾಂಗೊಗೆ ತುಂಬಾ ಚೆನ್ನ. ಮಳೆಗಾಲದಲ್ಲಿ ಅದು ಥಂಡಿ ಹಿಡಿದು ಪಾದ ಕಚ್ಚಿಕೊಳ್ಳುತ್ತದೆ. ಆಗ ತಿರುವು ಬಿಟ್ಟು ನೇರ ನಡಿಗೆಯಲ್ಲೇ ಅಭ್ಯಾಸ ಮಾಡಿ, ಮೊಣಕಾಲು ಉಳಿಯುತ್ತದೆ.

ಇನ್ನು ಸಂಗೀತ. ಹುವಾನ್ ಡಾರಿಯೆನ್ಸೊ ಅವರ ಹಳೇ ಟ್ಯಾಂಗೊ ವಾದ್ಯತಂಡದ ಹಾಡುಗಳಲ್ಲಿ ಪೆಟ್ಟು ಸ್ಪಷ್ಟ, ತಾಳ ಹಿಡಿಯೋದಕ್ಕೆ ಅಲ್ಲಿಂದ ಶುರು ಮಾಡಿ. 1935ರ ಕೊನೆಗೆ ಆ ತಂಡದಲ್ಲಿ ಪಿಯಾನೊ ನುಡಿಸಲು ಬಂದ ರೊಡಾಲ್ಫೊ ಬಿಯಾಜಿ 1938ರಲ್ಲಿ ಸ್ವಂತ ತಂಡ ಕಟ್ಟಿದರು. ಅವರನ್ನು ಬಿಡದೆ ಕೇಳಿ. ಪೆಟ್ಟು ಬೀಳಬೇಕಾದ ಕಡೆ ಸುಮ್ಮನಿದ್ದು, ನಡುವೆ ಪಟ್ ಎಂದು ಹೊಡೆಯುತ್ತಾರೆ. ಟ್ಯಾಂಗೊ ಸಂಗೀತ ಸಂಯೋಜಕ ಆಸ್ಟರ್ ಪಿಯಾಜೊಲ್ಲಾ ಸಂಗೀತದಲ್ಲಂತೂ 3-3-2 ಜಾಸ್ತಿ, ಕಿವಿಗೆ ರೂಢಿಯಾಗಲು ಒಳ್ಳೆಯದು.

ವಾದ್ಯಗಳು ಹಾಗೆ ಹೊಡೆದಾಗ ಮಾತ್ರ ನೀವೂ ಹೊಡೆಯಿರಿ. ಒಂದು ಹಾಡಿಗೆ ಮೂರ್ನಾಲ್ಕು ಸಲ ಸಾಕು. ಕಾರ್ಲೋಸ್ ಡಿ ಸಾರ್ಲಿ ಅವರ ಟ್ಯಾಂಗೊ ತಂಡದ ಪಿಟೀಲುಗಳು ಉದ್ದಕ್ಕೆ ಎಳೆಯುತ್ತಿರುವಾಗ ಇದ್ಯಾವುದೂ ಬೇಡ, ಸುಮ್ನೆ ನಡೆಯಿರಿ.