ಹಗೇವಿನ ರಾಗಿ ಬೇರೆ, ಈ ವರ್ಷದ ಸುಗ್ಗಿ ಬೇರೆ

ಮಾರ್ಚ್ ಬಂತೆಂದರೆ ಬೆಂಗಳೂರಿನ ಕಂಪನಿಗಳ ಸುಸ್ಥಿರತೆ ವರದಿಗಳು ಪರಿಶೀಲನೆಗೆ ಬರಲು ಶುರು. ಅವುಗಳಲ್ಲಿ ಮೇಲಿಂದ ಮೇಲೆ ಕಾಣುವ ಸಾಲು ಇದು: ಭಾರತ ವರ್ಷಕ್ಕೆ ಸುಮಾರು 296 ಕೋಟಿ ಟನ್ ಹಸಿರುಮನೆ ಅನಿಲ ಹೊರಬಿಡುತ್ತದೆ, 2030ರ ಹೊತ್ತಿಗೆ ನಮ್ಮ ಕಾಡು, ಮರಗಳು 250ರಿಂದ 300 ಕೋಟಿ ಟನ್ ಹೀರುತ್ತವೆ, ಅಲ್ಲಿಗೆ ಲೆಕ್ಕ ಚುಕ್ತಾ.

ಎರಡೂ ಅಂಕಿಗಳು ಸರಿ. ಕಳೆದದ್ದು ಮಾತ್ರ ತಪ್ಪು.

295.9 ಕೋಟಿ ಎನ್ನುವುದು 2020ರ ಒಂದೇ ವರ್ಷದ ಹೊರಸೂಸುವಿಕೆ; ಭಾರತ ವಿಶ್ವಸಂಸ್ಥೆಗೆ 2024ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿದೆ. 250–300 ಕೋಟಿ ಎನ್ನುವುದು 2015ರಲ್ಲಿ ದೇಶ ಕೊಟ್ಟ ಮಾತು, ಹಲವು ವರ್ಷಗಳಲ್ಲಿ ಕೂಡುತ್ತ ಹೋಗಬೇಕಾದ ಒಟ್ಟು ಮೊತ್ತ. 2005ನ್ನು ಆಧಾರ ವರ್ಷವಾಗಿ ಹಿಡಿದರೆ ಇಪ್ಪತ್ತೈದು ವರ್ಷಕ್ಕೆ 300 ಕೋಟಿ, ಅಂದರೆ ವರ್ಷಕ್ಕೆ ಸರಾಸರಿ 12 ಕೋಟಿ. ಒಂದು ವರ್ಷದ ಮನೆ ಖರ್ಚನ್ನು ಇಪ್ಪತ್ತೈದು ವರ್ಷದ ಉಳಿತಾಯದಿಂದ ಕಳೆದು ‘ಸಾಲವಿಲ್ಲ’ ಎಂದು ಯಾವ ಅಕೌಂಟೆಂಟೂ ಬರೆಯುವುದಿಲ್ಲ. ಮರದ ವಿಷಯ ಬಂದಾಗ ಮಾತ್ರ ಎಲ್ಲರೂ ಉದಾರಿಗಳು.

ಹಳೇ ಮೈಸೂರು ಸೀಮೆಯ ರೈತನಿಗೆ ಈ ಗೊಂದಲವಿಲ್ಲ. ಹಗೇವಿನಲ್ಲಿ, ಅಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಎಷ್ಟು ರಾಗಿ ಇದೆ ಎಂಬುದು ಒಂದು ಪ್ರಶ್ನೆ. ಈ ವರ್ಷ ಎಷ್ಟು ತುಂಬಿದೆವು, ಎಷ್ಟು ತೆಗೆದೆವು ಎಂಬುದು ಇನ್ನೊಂದು. ವಿಶ್ವಸಂಸ್ಥೆಗೆ ಕೊಡುವ ವರದಿಯ ಭೂಬಳಕೆ ಮತ್ತು ಅರಣ್ಯದ ಅಧ್ಯಾಯದಲ್ಲಿ ದೇಶ ಲೆಕ್ಕ ಕೊಡುವುದು ಎರಡನೆಯದಕ್ಕೆ. ಹಗೇವು ತುಂಬಿದ್ದರೂ ಈ ವರ್ಷ ತುಂಬಿದ್ದಕ್ಕಿಂತ ತೆಗೆದದ್ದು ಹೆಚ್ಚಾದರೆ ಅದು ಹೊರಸೂಸುವಿಕೆಯೇ.

ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿ ಪ್ರಕಾರ ನಮ್ಮ ಕಾಡುಗಳಲ್ಲಿರುವ ಇಂಗಾಲ 728.55 ಕೋಟಿ ಟನ್. ಇದು ಹಗೇವು. ಹಿಂದಿನ ವರದಿಗಿಂತ ಹೆಚ್ಚಿದ್ದು 8.15 ಕೋಟಿ ಟನ್. ಸುಗ್ಗಿಯ ಅಂಕಿ ಇದರೊಳಗಿದೆ, ಆದರೆ ಇದು ಎರಡು ವರ್ಷದ್ದು, ಅದೂ ಬರೀ ಇಂಗಾಲದ ತೂಕ. ಇಂಗಾಲದ ಡೈಆಕ್ಸೈಡ್ ಬೇಕಾದರೆ 44ರಿಂದ ಗುಣಿಸಿ 12ರಿಂದ ಭಾಗಿಸಬೇಕು, ಅಂದರೆ 3.67 ಪಟ್ಟು. ಸುಮಾರು 29.9 ಕೋಟಿ ಟನ್, ವರ್ಷಕ್ಕೆ 15 ಕೋಟಿಯ ಆಸುಪಾಸು. ಈ ಗುಣಾಕಾರ ಬಿಡುವವರಿದ್ದಾರೆ, ಎರಡು ಸಲ ಮಾಡುವವರೂ ಇದ್ದಾರೆ.

ಇನ್ನೊಂದು ಮಾತು. 728ರ ಮುಂದೆ 8 ಎಂದರೆ ಶೇ 1ಕ್ಕಿಂತ ಸ್ವಲ್ಪ ಹೆಚ್ಚು. ಎರಡು ದೊಡ್ಡ ಅಂದಾಜುಗಳ ನಡುವಿನ ಸಣ್ಣ ವ್ಯತ್ಯಾಸ ಇದು. ಅಳತೆಯಲ್ಲಿ ಶೇ 1 ಆಚೀಚೆಯಾದರೂ ಸುಗ್ಗಿ ಪೂರ್ತಿ ಕರಗಬಹುದು ಅಥವಾ ದುಪ್ಪಟ್ಟಾಗಬಹುದು. ಹಾಗಾಗಿ ಈ ಅಂಕಿ ದಶಮಾಂಶದವರೆಗೆ ಖಚಿತ ಎಂದು ಹೇಳಿಕೊಳ್ಳಬೇಡಿ. 2020ಕ್ಕೆ ದೇಶ ತೋರಿಸಿದ ಹೀರುವಿಕೆ 52.2 ಕೋಟಿ ಟನ್. ಅದರಲ್ಲಿ ಕಾಡಿನ ಜೊತೆ ಬೇರೆ ಭೂಬಳಕೆಯೂ ಸೇರಿದೆ. ವರ್ಷ, ವ್ಯಾಪ್ತಿ ಬೇರೆ ಇರುವ 15 ಕೋಟಿ, 52.2 ಕೋಟಿ ಎಂಬ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಜಗಳ ಹಚ್ಚುವುದೂ ಸಲ್ಲ. 2020ರ ಹೊರಸೂಸುವಿಕೆಯಲ್ಲಿ ‘ಶೇ 22ರಷ್ಟು ಹೀರಿದೆವು’ ಎಂಬ ಮಾತು ಇಂಗಾಲದ ಡೈಆಕ್ಸೈಡ್‌ಗೆ ಮಾತ್ರ ಹೋಲಿಸಿದಾಗಿನದು. ಮೀಥೇನ್, ನೈಟ್ರಸ್ ಆಕ್ಸೈಡ್ ಎಲ್ಲ ಸೇರಿಸಿದರೆ ಅದು 17–18ಕ್ಕೆ ಇಳಿಯುತ್ತದೆ.

ವಿಸ್ತೀರ್ಣ ನೋಡಿ ಸಮಾಧಾನಪಡುವವರದು ಬೇರೆಯೇ ಕಥೆ. ಒಂದು ಹೆಕ್ಟೇರ್‌ಗಿಂತ ದೊಡ್ಡದಾಗಿದ್ದು, ಮರದ ನೆತ್ತಿ ಶೇ 10ಕ್ಕಿಂತ ಹೆಚ್ಚು ಹರಡಿದ್ದರೆ, ಒಡೆಯ ಯಾರೇ ಇರಲಿ, ಸಮೀಕ್ಷೆಯ ಕಣ್ಣಿಗೆ ಅದು ಅರಣ್ಯ ಹೊದಿಕೆ. ಕೊಡಗಿನ ಕಾಫಿ ತೋಟವೂ ಲೆಕ್ಕಕ್ಕೆ ಬರುತ್ತದೆ. ಆ ತೋಟದ ಹಳೆಯ ಹಲಸು, ನಂದಿ ತೆಗೆದು ಸಿಲ್ವರ್ ಓಕ್ ಹಾಕಿದರೆ ನಕ್ಷೆಯಲ್ಲಿ ಅದು ಹೊದಿಕೆಯಾಗಿಯೇ ಉಳಿಯಬಹುದು. ಮರದೊಳಗಿದ್ದ ಇಂಗಾಲ ಎಷ್ಟು ಹೋಯಿತೆಂದು ವಿಸ್ತೀರ್ಣದ ಅಂಕಿ ಹೇಳುವುದಿಲ್ಲ.

ನಗರದ ರಸ್ತೆಗೂ ಇದೇ ಲೆಕ್ಕ. ‘ಒಂದು ಮರ ಕಡಿದೆವು, ಹತ್ತು ಸಸಿ ನೆಟ್ಟೆವು’ ಎನ್ನುವ ವಾಕ್ಯಕ್ಕೆ ತಕ್ಕಡಿ ಹಿಡಿಯೋಣ. ಎದೆಮಟ್ಟದಲ್ಲಿ 80 ಸೆಂಟಿಮೀಟರ್ ವ್ಯಾಸ, 18 ಮೀಟರ್ ಎತ್ತರದ ಮಳೆಮರ. ಮರದ ಸಾಂದ್ರತೆ 0.5 ಎಂದು ಹಿಡಿದು ಉಷ್ಣವಲಯದ ಸಾಮಾನ್ಯ ಸೂತ್ರಕ್ಕೆ ಹಾಕಿದರೆ ನೆಲದ ಮೇಲಿನ ಒಣ ತೂಕ ಸುಮಾರು 3 ಟನ್. ಬೇರಿಗೆ ಕಾಲು ಭಾಗ ಸೇರಿಸಿ, ಇಂಗಾಲದ ಪಾಲು 0.47 ತೆಗೆದು, 3.67ರಿಂದ ಗುಣಿಸಿ: ಸುಮಾರು 6.4 ಟನ್ ಇಂಗಾಲದ ಡೈಆಕ್ಸೈಡ್. ಕಡಿದ ದಿಮ್ಮಿ ಎಲ್ಲಿಗೆ ಹೋಯಿತೆಂಬ ದಾಖಲೆ ಇಲ್ಲದಿದ್ದರೆ, ಐಪಿಸಿಸಿಯ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ) ಸರಳ ವಿಧಾನದಲ್ಲಿ ಅಷ್ಟೂ ಅದೇ ವರ್ಷದ ಹೊರಸೂಸುವಿಕೆ. ಬೆರಳು ದಪ್ಪದ ಹತ್ತು ಸಸಿಗಳು ಅಂದು ಹಿಡಿದಿಟ್ಟದ್ದು? ಎಲ್ಲ ಸೇರಿ ಆರೇಳು ಕಿಲೋ ಇಂಗಾಲದ ಡೈಆಕ್ಸೈಡ್. ಹತ್ತು ವರ್ಷ ಕಳೆದು ತಲಾ 15 ಸೆಂಟಿಮೀಟರ್ ವ್ಯಾಸ, 8 ಮೀಟರ್ ಎತ್ತರ ಆದವೆನ್ನಿ. ಒಂದೊಂದರಲ್ಲೂ 110 ಕಿಲೋ. ಹತ್ತೂ ಬದುಕಿದ್ದರೆ 1.1 ಟನ್, ನೀರು ಕಾಣದೆ, ದನ ಮೇಯ್ದು, ಕೇಬಲ್ ಅಗೆತಕ್ಕೆ ಸಿಕ್ಕು ಆರು ಉಳಿದರೆ ಮುಕ್ಕಾಲು ಟನ್ನೂ ಇಲ್ಲ. ಸಸಿ ನೆಡಬೇಡಿ ಎನ್ನುತ್ತಿಲ್ಲ, ನೆಡಿ. ಅದೇ ವರ್ಷದ ಪುಟದಲ್ಲಿ ‘ಸರಿದೂಗಿದೆ’ ಎಂದು ಬರೆಯಬೇಡಿ.

ದೇವನಹಳ್ಳಿ ಕಡೆ ರಾಗಿ ಹೊಲ ಲೇಔಟ್ ಆದಾಗ ಮರವೇ ಇರಲಿಲ್ಲವಲ್ಲ ಎನ್ನುವವರಿಗೆ: ಮಣ್ಣಿದೆ. ಒಣ ಉಷ್ಣವಲಯದ ಕೆಂಪು ಮಣ್ಣಿನ ಮೇಲಿನ 30 ಸೆಂಟಿಮೀಟರ್‌ನಲ್ಲಿ, ಐಪಿಸಿಸಿಯ ಸಿದ್ಧ ಅಂಕಿಗಳಂತೆ, ದೀರ್ಘಕಾಲ ಉತ್ತ ಹೊಲಕ್ಕೆ ಹೆಕ್ಟೇರಿಗೆ ಸುಮಾರು 20 ಟನ್ ಇಂಗಾಲ ಹಿಡಿಯಬಹುದು. ಡಾಂಬರು, ಕಾಂಕ್ರೀಟ್ ಮುಚ್ಚಿದ ಭಾಗದಲ್ಲಿ ಅದರ ಶೇ 20 ಹೋಗುತ್ತದೆ ಎಂದಿಟ್ಟು, 20 ವರ್ಷಕ್ಕೆ ಹಂಚುತ್ತಾರೆ. ವರ್ಷಕ್ಕೆ ಹೆಕ್ಟೇರಿಗೆ ಮುಕ್ಕಾಲು ಟನ್ ಇಂಗಾಲದ ಡೈಆಕ್ಸೈಡ್. ಚಿಕ್ಕದು, ಆದರೆ ಸೊನ್ನೆಯಲ್ಲ. ಸ್ಥಳೀಯ ಮಣ್ಣಿನ ಪರೀಕ್ಷೆ ಇದ್ದರೆ ಸಿದ್ಧ ಅಂಕಿ ಬಿಟ್ಟು ಅದನ್ನೇ ಬಳಸಿ.

ಮರ ಅಳೆಯಲು ಹೋಗುವವರು ಟೇಪಿನಲ್ಲಿ ಓದುವುದು ಸುತ್ತಳತೆ, ಸೂತ್ರ ಕೇಳುವುದು ವ್ಯಾಸ. 3.14ರಿಂದ ಭಾಗಿಸದೆ ಹಾಗೇ ತುಂಬಿದರೆ ಮರದ ತೂಕ ಒಂಬತ್ತು ಪಟ್ಟಿಗಿಂತ ಹೆಚ್ಚು ಉಬ್ಬುತ್ತದೆ. ಆವರಣದ ಒಂದು ಹೊಂಗೆ ಮರ 20 ಟನ್ ಹಿಡಿದಿದೆ ಎಂದು ಎಕ್ಸೆಲ್ ಹಾಳೆ ಹೇಳಿದರೆ ಮೊದಲು ಆ ಕಾಲಮ್ಮಿನ ತಲೆಬರಹ ನೋಡಿ.