ಕಪ್ಪು ಪರದೆ ಬಂದರೆ ಮೊದಲು ಡಿಸ್ಕ್ ನೋಡಿ: ವರ್ಚುವಲ್‌ಬಾಕ್ಸ್ ಕಲಿಯುವವರಿಗೆ ಟಿಪ್ಪಣಿ

ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಹಾಕಿಕೊಂಡು ಲಿನಕ್ಸ್ ಕಲಿಯುವವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನಿನ್ನೆಯವರೆಗೆ ಓಡುತ್ತಿದ್ದ ಗೆಸ್ಟ್ (ಒಳಗಿನ ಕಂಪ್ಯೂಟರ್) ಇಂದು ಕಪ್ಪು ಪರದೆ ತೋರಿಸುತ್ತದೆ, ಇಲ್ಲವೇ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಮತ್ತೆ ಲಾಗಿನ್ ಪರದೆಗೇ ತಂದು ನಿಲ್ಲಿಸುತ್ತದೆ. ಎಲ್ಲರೂ ಕೂಡಲೇ ಗ್ರಾಫಿಕ್ಸ್ ಸೆಟ್ಟಿಂಗ್ ಕೆದಕಲು ಹೊರಡುತ್ತಾರೆ. ಡಿಸ್ಕ್ ನೋಡದೆ ಅದಕ್ಕೆ ಕೈ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡೆಸ್ಕ್‌ಟಾಪ್ ಏಳುವಾಗ ಹೋಮ್ ಡೈರೆಕ್ಟರಿಯಲ್ಲಿ ಕೆಲವು ಸಣ್ಣ ಕಡತಗಳನ್ನು ಬರೆಯಲೇಬೇಕು. ಜಾಗವಿಲ್ಲದಿದ್ದರೆ ಸೆಷನ್ ಅಲ್ಲಿಗೇ ಬೀಳುತ್ತದೆ. ತಪ್ಪು ಡಿಸ್ಕ್‌ನದು, ಲಕ್ಷಣ ಕಾಣುವುದು ಪರದೆಯ ಮೇಲೆ.

ಪರೀಕ್ಷೆ ಸುಲಭ. (ಹೋಸ್ಟ್ ಎಂದರೆ ವರ್ಚುವಲ್‌ಬಾಕ್ಸ್ ಓಡುವ ನಿಮ್ಮ ನಿಜವಾದ ಕಂಪ್ಯೂಟರ್.) ಹೋಸ್ಟ್ ಕೀ (ವಿಂಡೋಸ್, ಲಿನಕ್ಸ್ ಹೋಸ್ಟ್‌ಗಳಲ್ಲಿ ಸಾಮಾನ್ಯವಾಗಿ ಬಲಗಡೆಯ ಕಂಟ್ರೋಲ್) ಹಿಡಿದು ಎಫ್3 ಒತ್ತಿದರೆ ಗೆಸ್ಟ್‌ಗೆ ಕಂಟ್ರೋಲ್-ಆಲ್ಟ್-ಎಫ್3 ತಲುಪಿ, ಅಕ್ಷರಗಳ ಕನ್ಸೋಲ್ ತೆರೆದುಕೊಳ್ಳುತ್ತದೆ. ಅದು ತೆರೆದರೆ ಕರ್ನಲ್ (ವ್ಯವಸ್ಥೆಯ ತಿರುಳು) ಬದುಕಿದೆ ಎಂದರ್ಥ. ಅಲ್ಲಿ ಲಾಗಿನ್ ಆಗಿ ಡಿಸ್ಕ್ ಜಾಗದ ಲೆಕ್ಕ ತೋರಿಸುವ ಡಿಎಫ್ (df) ಆದೇಶ ಕೊಡಿ. ರೂಟ್ ವಿಭಾಗದ (ವ್ಯವಸ್ಥೆ ಇರುವ ಮುಖ್ಯ ಪಾರ್ಟಿಷನ್, ಗುರುತು /) ಮುಂದೆ ನೂರು ಶೇಕಡಾ ಎಂದಿದ್ದರೆ ಕಳ್ಳ ಸಿಕ್ಕಂತೆಯೇ. ಎಕ್ಸ್‌ಟ್4 ಕಡತ ವ್ಯವಸ್ಥೆ ಸಾಮಾನ್ಯವಾಗಿ 5 ಶೇಕಡಾ ಜಾಗವನ್ನು ರೂಟ್ ಎಂಬ ನಿರ್ವಾಹಕ ಬಳಕೆದಾರನಿಗೆಂದು ಕಾದಿರಿಸುತ್ತದೆ. ಹಾಗಾಗಿ ಸಾಮಾನ್ಯ ಬಳಕೆದಾರರಿಗೆ ಜಾಗ ಮುಗಿದಾಗಲೂ ನಿರ್ವಾಹಕನ ಅಧಿಕಾರದಲ್ಲಿ ಆದೇಶ ಓಡಿಸುವ ಸುಡೊ (sudo) ಮೂಲಕ ಕೆಲಸ ನಡೆಯುತ್ತದೆ. ತಂತ್ರಾಂಶ ಹಾಕುವ ಉಪಕರಣವಾದ ಆಪ್ಟ್ (apt) ಸಂಗ್ರಹಿಸಿಟ್ಟ ಹಳೆಯ ಪ್ಯಾಕೇಜುಗಳನ್ನೂ ಜರ್ನಲ್ ಲಾಗ್‌ಗಳನ್ನೂ ತೆಗೆದರೆ ತಾತ್ಕಾಲಿಕವಾಗಿ ಉಸಿರಾಡುವಷ್ಟು ಜಾಗ ಸಿಗುತ್ತದೆ.

ಜಾಗ ನಿಜವಾಗಿ ಹೆಚ್ಚಿಸಬೇಕಾದರೆ ಗೆಸ್ಟನ್ನು ಪೂರ್ತಿ ಆರಿಸಿ, ವರ್ಚುವಲ್ ಡಿಸ್ಕ್ ಕಡತವನ್ನು ಹಿಗ್ಗಿಸಬೇಕು. ಆದೇಶದ ಮೂಲಕ ಮಾಡುವಾಗ ಅಳತೆಯನ್ನು ಎಂಬಿಯಲ್ಲಿ ಕೊಡಬೇಕು: 40 ಜಿಬಿಗೆ 40960. ಹೊಸಬರು ಹೆಚ್ಚಾಗಿ ಎಡವುವುದು ಇದರ ನಂತರ. ಕಡತ ಹಿಗ್ಗಿದರೂ ಗೆಸ್ಟ್‌ನೊಳಗೆ ಡಿಎಫ್ ಹಳೆಯ ಅಂಕಿಯನ್ನೇ ತೋರಿಸುತ್ತದೆ. ಪಕ್ಕದ ನಿವೇಶನ ಕೊಂಡ ಮಾತ್ರಕ್ಕೆ ಮನೆ ದೊಡ್ಡದಾಗುವುದಿಲ್ಲವಲ್ಲ, ಹಾಗೆ. ಡಿಸ್ಕ್‌ನೊಳಗೆ ಪಾರ್ಟಿಷನ್, ಅದರೊಳಗೆ ಕಡತ ವ್ಯವಸ್ಥೆ ಎಂದು ಪದರಗಳಿವೆ. ಹೊರಗಿನಿಂದ ಒಳಕ್ಕೆ ಒಂದೊಂದನ್ನೂ ಬೆಳೆಸಬೇಕು. ಎಲ್‌ಎಸ್‌ಬಿಎಲ್‌ಕೆ (lsblk) ಆದೇಶ ಈ ಪದರಗಳನ್ನು ಮರದಂತೆ ಬಿಡಿಸಿ ತೋರಿಸುತ್ತದೆ. ಬೆಳೆಸುವ ಆದೇಶಗಳು: ಪಾರ್ಟಿಷನ್‌ಗೆ ಗ್ರೋಪಾರ್ಟ್ (growpart), ಎಕ್ಸ್‌ಟ್4ಗೆ ರಿಸೈಜ್2ಎಫ್‌ಎಸ್ (resize2fs). ಬೆಳೆಸಬೇಕಾದ ಪಾರ್ಟಿಷನ್‌ನ ಬೆನ್ನಿಗೇ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಪಾರ್ಟಿಷನ್ ಅಡ್ಡ ಕುಳಿತಿದ್ದರೆ ಜಿಪಾರ್ಟೆಡ್ ಲೈವ್ ಐಎಸ್‌ಒದಿಂದ ಬೂಟ್ ಮಾಡಿ ಅದನ್ನು ಸರಿಸುವುದು ಸುರಕ್ಷಿತ.

ಉಬುಂಟು ಸರ್ವರ್ ಹಾಕಿದವರಿಗೆ ಇನ್ನೊಂದು ಮಾತು. ಅದರ ಸ್ಥಾಪಕ ತಾನಾಗಿ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಪದರ) ಹಾಕುತ್ತದೆ. 20ರಿಂದ 200 ಜಿಬಿ ನಡುವಿನ ಡಿಸ್ಕ್ ಆದರೆ ಅರ್ಧ ಜಾಗವನ್ನಷ್ಟೇ ರೂಟ್‌ಗೆ ಕೊಟ್ಟು ಉಳಿದದ್ದನ್ನು ಖಾಲಿ ಬಿಡುತ್ತದೆ. ಅಂಥವರು ಡಿಸ್ಕ್ ಹಿಗ್ಗಿಸುವ ಗೋಜಿಗೇ ಹೋಗಬೇಕಿಲ್ಲ, ಕಡತ ವ್ಯವಸ್ಥೆಯನ್ನೂ ಜೊತೆಗೇ ಬೆಳೆಸುವ -r ಆಯ್ಕೆ ಸೇರಿಸಿದ ಎಲ್‌ವಿಎಕ್ಸ್‌ಟೆಂಡ್ (lvextend) ಒಂದರಿಂದಲೇ ಕೆಲಸ ಮುಗಿಯುತ್ತದೆ.

ಹೋಸ್ಟ್‌ನ ಡಿಸ್ಕ್ ತುಂಬಿದರೆ ಕಥೆ ಬೇರೆ. ಅಗತ್ಯಕ್ಕೆ ತಕ್ಕಂತೆ ಬೆಳೆಯುವ ವಿಡಿಐ (ವರ್ಚುವಲ್ ಡಿಸ್ಕ್) ಕಡತ ಗೆಸ್ಟ್‌ಗೆ 40 ಜಿಬಿಯ ಮಾತು ಕೊಟ್ಟಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಉಳಿದಿರುವುದಿಲ್ಲ. ಆಗ ವರ್ಚುವಲ್‌ಬಾಕ್ಸ್ ಗೆಸ್ಟನ್ನು ತಡೆದು ನಿಲ್ಲಿಸುತ್ತದೆ. ಹೋಸ್ಟ್‌ನಲ್ಲಿ ಜಾಗ ಮಾಡಿಕೊಟ್ಟು ಮುಂದುವರಿಸಿದರೆ ಸಾಕು. ಗಾಬರಿಯಿಂದ ಪವರ್ ಆಫ್ ಒತ್ತಬೇಡಿ. ಗೆಸ್ಟ್‌ನೊಳಗೆ ಕಡತ ಅಳಿಸಿದರೆ ವಿಡಿಐ ತಾನಾಗಿ ಕುಗ್ಗುವುದಿಲ್ಲ. ಖಾಲಿ ಜಾಗಕ್ಕೆ ಸೊನ್ನೆ ತುಂಬಿ, ಆಮೇಲೆ ಕಾಂಪ್ಯಾಕ್ಟ್ ಮಾಡಬೇಕು.

ಡಿಸ್ಕ್ ಸರಿಯಿದ್ದೂ ಪರದೆ ಕಪ್ಪಾಗಿಯೇ ಉಳಿದರೆ ಈಗ ಗ್ರಾಫಿಕ್ಸ್‌ಗೆ ಬನ್ನಿ. ಮೊದಲು 3ಡಿ ವೇಗವರ್ಧನೆಯ ಗುರುತು ತೆಗೆದು ನೋಡಿ. ಬಹಳ ಸಲ ಅಷ್ಟಕ್ಕೇ ಡೆಸ್ಕ್‌ಟಾಪ್ ಮರಳುತ್ತದೆ. ವಿಡಿಯೊ ಮೆಮೊರಿ 16 ಎಂಬಿ ಇದ್ದರೆ 128ಕ್ಕೆ ಏರಿಸಿ. ಲಿನಕ್ಸ್ ಗೆಸ್ಟ್‌ಗೆ ವಿಎಂಎಸ್‌ವಿಜಿಎ, ವಿಂಡೋಸ್‌ಗೆ ವಿಬಾಕ್ಸ್‌ಎಸ್‌ವಿಜಿಎ ನಿಯಂತ್ರಕ ಹೊಂದುತ್ತದೆ. ಪರದೆ ಬಂದರೂ ಕಿಟಕಿಯನ್ನು ಎಳೆದಾಗ ಅಳತೆ ಬದಲಾಗದಿದ್ದರೆ ಅದು ಗೆಸ್ಟ್‌ನೊಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ನೆರವಿನ ತಂತ್ರಾಂಶವಾದ ಗೆಸ್ಟ್ ಅಡಿಷನ್ಸ್‌ನ ವಿಷಯ. ಕರ್ನಲ್ ಹೊಸದಾದ ಮೇಲೆ ಅದರ ಮಾಡ್ಯೂಲ್‌ಗಳನ್ನು ಮತ್ತೆ ಕಟ್ಟಬೇಕಾಗುತ್ತದೆ. ಅದಕ್ಕೆ ಆ ಕರ್ನಲ್‌ನ ಹೆಡರ್‌ಗಳೂ ಜಿಸಿಸಿ, ಮೇಕ್‌ನಂಥ ಕಟ್ಟುವ ಉಪಕರಣಗಳೂ ಗೆಸ್ಟ್‌ನಲ್ಲಿ ಇರಲೇಬೇಕು.

ಸ್ನ್ಯಾಪ್‌ಶಾಟ್ (ಗೆಸ್ಟ್‌ನ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಟ್ಟದ್ದು) ಇಟ್ಟುಕೊಂಡಿರುವವರು ಡಿಸ್ಕ್ ಹಿಗ್ಗಿಸುವ ಮೊದಲು ಎಚ್ಚರ ವಹಿಸಬೇಕು. ಮೂಲ ಕಡತವನ್ನು ಮಾತ್ರ ಹಿಗ್ಗಿಸಿದರೆ ಈಗಿನ ಸ್ಥಿತಿಯನ್ನು ಹೊತ್ತಿರುವ ಸ್ನ್ಯಾಪ್‌ಶಾಟ್ ಕಡತಕ್ಕೆ ಅದು ಅನ್ವಯಿಸುವುದಿಲ್ಲ. ಗೆಸ್ಟನ್ನು ಕ್ಲೋನ್ ಮಾಡಿಟ್ಟುಕೊಂಡು, ಸ್ನ್ಯಾಪ್‌ಶಾಟ್‌ಗಳನ್ನು ವರ್ಚುವಲ್‌ಬಾಕ್ಸ್ ಮೂಲಕವೇ ಅಳಿಸಿ, ಆನಂತರ ಹಿಗ್ಗಿಸಿ. ಅಳಿಸುವಾಗ ಕಡತಗಳು ಒಂದರೊಳಗೊಂದು ವಿಲೀನವಾಗುವುದರಿಂದ ಹೋಸ್ಟ್‌ನಲ್ಲಿ ತಾತ್ಕಾಲಿಕವಾಗಿ ಹೆಚ್ಚು ಜಾಗ ಬೇಕಾಗಬಹುದು. ಜಾಗ ಉಳಿಸಲೆಂದು ಆ ಫೋಲ್ಡರ್‌ಗೆ ಹೋಗಿ ಕಡತಗಳನ್ನು ಕೈಯಾರೆ ಅಳಿಸಿದರೆ ಗೆಸ್ಟ್ ಮತ್ತೆ ಏಳುವುದಿಲ್ಲ.