ಮೂತ್ರ ಹಳದಿಯಾಗುವುದು ‘ಉಷ್ಣ’ದಿಂದಲ್ಲ

ಬೇಸಿಗೆಯಲ್ಲಿ ಮೂತ್ರ ಕಡು ಹಳದಿಯಾದರೆ ‘ಉಷ್ಣ ಆಗಿದೆ’ ಎಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿಕೊಳ್ಳುವವರು ಇಂದಿಗೂ ಇದ್ದಾರೆ. ಥರ್ಮಾಮೀಟರ್ ಇಟ್ಟು ನೋಡಿ, ಮೈ ಬಿಸಿ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಆ ಬಣ್ಣ ತಿಳಿಸುವುದು ಮೂತ್ರಪಿಂಡ ಎಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತಿದೆ ಎಂಬುದನ್ನು.

ಹಳದಿಗೆ ಕಾರಣ ಯುರೋಬಿಲಿನ್ ಎಂಬ ಬಣ್ಣದ ವಸ್ತು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಕರುಳಿಗಿಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ, ಕೊನೆಗೆ ಯುರೋಬಿಲಿನ್ ಆಗುತ್ತದೆ. ಇದರ ಮೊದಲ ಹೆಜ್ಜೆ ನಡೆಸುವ ಬ್ಯಾಕ್ಟೀರಿಯಾ ಕಿಣ್ವ ಯಾವುದೆಂದು ತಿಳಿದದ್ದು 2024ರಲ್ಲಷ್ಟೇ! ಆರೋಗ್ಯವಂತರಲ್ಲಿ ಈ ಬಣ್ಣ ದಿನವೂ ಹೆಚ್ಚುಕಡಿಮೆ ಅಷ್ಟೇ ತಯಾರಾಗುತ್ತದೆ. ಒಂದೇ ಚಿಟಿಕೆ ಅರಿಶಿನ ಲೋಟದ ನೀರಿನಲ್ಲಿ ಗಾಢ, ಬಿಂದಿಗೆಯಲ್ಲಿ ತೆಳು. ಇಲ್ಲಿ ಬದಲಾಗುವುದೂ ನೀರೊಂದೇ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ–ಎರಡು ಲೀಟರನ್ನಷ್ಟೇ ಹೊರಬಿಡುತ್ತವೆ. ರಕ್ತದ ಸಾಂದ್ರತೆ ಶೇ 1–2ರಷ್ಟು ಏರಿದರೂ ಮೆದುಳಿನ ಹೈಪೊಥಲಾಮಸ್‌ಗೆ ಗೊತ್ತಾಗುತ್ತದೆ. ಆಗ ವಾಸೊಪ್ರೆಸಿನ್ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದರ ಸೂಚನೆಯಂತೆ ಮೂತ್ರಪಿಂಡದ ಕೊನೆಯ ನಾಳಗಳ ಜೀವಕೋಶಗಳೊಳಗೆ ಅಡಗಿದ್ದ ಅಕ್ವಾಪೊರಿನ್ ಎಂಬ ಪ್ರೋಟೀನು ಹೊರಪೊರೆಗೆ ಬಂದು ಕೂರುತ್ತದೆ. ಅದರ ನಡುವಿನ ರಂಧ್ರದಲ್ಲಿ ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ನುಸುಳಿ ರಕ್ತಕ್ಕೆ ಮರಳುತ್ತವೆ; ಉಪ್ಪಿಗೆ ದಾರಿಯಿಲ್ಲ. ನೀರು ಕುಡಿದ ಮೇಲೆ ಹಾರ್ಮೋನು ಇಳಿಯುತ್ತದೆ, ಪ್ರೋಟೀನು ಒಳಸರಿಯುತ್ತದೆ, ಮೂತ್ರ ತಿಳಿಯಾಗುತ್ತದೆ. ಇಷ್ಟು ಸೊಗಸಾದ ಈ ಬಗೆಯ ಪ್ರೋಟೀನನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರ ರಸಾಯನಶಾಸ್ತ್ರ ನೊಬೆಲ್ ಸಂದಿತು.

ಆದರೆ ಬಣ್ಣ ಒಮ್ಮೊಮ್ಮೆ ಮೋಸವನ್ನೂ ಮಾಡುತ್ತದೆ. ಬೆವರಿಳಿಸಿ ಬಂದವರು ಒಂದು ಲೀಟರ್ ನೀರನ್ನು ಗಟಗಟ ಕುಡಿದರೆ, ಮೈಯ ಕೊರತೆ ತುಂಬುವ ಮೊದಲೇ ತಿಳಿ ಮೂತ್ರ ಬರಬಹುದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಸಕ್ಕರೆಯೇ ನೀರನ್ನು ಎಳೆದೊಯ್ಯುವುದರಿಂದ ಮೂತ್ರ ತಿಳಿ, ಮೈ ಒಣ. ಬಿ-ಕಾಂಪ್ಲೆಕ್ಸ್ ಮಾತ್ರೆ ಮೂತ್ರವನ್ನು ಹೊಳೆಯುವ ಹಳದಿ ಮಾಡುತ್ತದೆ; ಕ್ಷಯದ ಮಾತ್ರೆ ರಿಫಾಂಪಿಸಿನ್ ಕಿತ್ತಳೆಗೆ ತಿರುಗಿಸುತ್ತದೆ. ಕಮೋಡಿನ ನೀರಿನಲ್ಲಿ ಬೆರೆತ ಮೇಲೆ ನೋಡಬೇಡಿ. ಪಾರದರ್ಶಕ ಡಬ್ಬಿಯಲ್ಲಿ ಹಿಡಿದು ಹಗಲು ಬೆಳಕಿನಲ್ಲಿ ನೋಡಿ.

ಆದ್ದರಿಂದ ಮೂರನ್ನು ಒಟ್ಟಿಗೆ ಗಮನಿಸಬೇಕು. ಬೆಳಿಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ಏನೂ ತಿನ್ನದೆ, ತೆಳು ಬಟ್ಟೆಯಲ್ಲಿ ತೂಕ ನೋಡಿ. ಕೆಲವು ದಿನಗಳ ಸರಾಸರಿ ನಿಮ್ಮ ಮಾಮೂಲಿ ತೂಕ. ಅದಕ್ಕಿಂತ ಶೇ 1ಕ್ಕೂ ಹೆಚ್ಚು ಇಳಿದಿದೆಯೇ? 60 ಕಿಲೋ ತೂಗುವವರಿಗೆ ಅದು 600 ಗ್ರಾಂ. ಮೂತ್ರ ಎಂದಿಗಿಂತ ಗಾಢವೇ? ಬಾಯಾರಿಕೆ ಇದೆಯೇ? ಒಂದಕ್ಕೆ ಮಾತ್ರ ‘ಹೌದು’ ಎಂದಾದರೆ ಗಾಬರಿ ಬೇಡ. ಎರಡಾದರೆ ನೀರಿನ ಕೊರತೆ ಇರುವ ಸಂಭವವಿದೆ, ಮೂರೂ ಆದರೆ ಬಹುಮಟ್ಟಿಗೆ ಖಚಿತ. ಹೊಲದ ಕೆಲಸಕ್ಕೋ ಓಟಕ್ಕೋ ಮುಂಚೆ ಮತ್ತು ಆಮೇಲೆ ತೂಗಿದರೆ, ಇಳಿದ ಪ್ರತಿ ಕಿಲೋ ಸುಮಾರು ಒಂದು ಲೀಟರ್ ಬೆವರು. ಉಪ್ಪು ಹಾಕಿದ ಮಜ್ಜಿಗೆಯೋ ನೀರೋ, ನಿಧಾನವಾಗಿ ಕುಡಿಯಿರಿ. ತೂಕ ಮೊದಲಿಗಿಂತ ಏರಿದ್ದರೆ ಕುಡಿದದ್ದೇ ಅತಿಯಾಗಿದೆ. ಅತಿ ನೀರಿನಿಂದ ರಕ್ತದ ಸೋಡಿಯಂ (ಉಪ್ಪಿನ ಅಂಶ) ಕುಸಿದರೆ ಜೀವಕ್ಕೇ ಅಪಾಯ.

‘ದಿನಕ್ಕೆ ಎಂಟು ಲೋಟ ನೀರು’ ಎಂಬ ಸಲಹೆಯ ಬೇರು 1945ರ ಅಮೆರಿಕದ ಶಿಫಾರಸಿನಲ್ಲಿದೆ ಎನ್ನಲಾಗುತ್ತದೆ. ಅದು ಹೇಳಿದ್ದು ಎರಡೂವರೆ ಲೀಟರ್. ಬಹುಪಾಲು ಆಹಾರದಲ್ಲೇ ಸಿಗುತ್ತದೆ ಎಂಬ ಮಾತೂ ಜೊತೆಗಿತ್ತು, ಅದನ್ನು ಜನ ಕೈಬಿಟ್ಟರು. ಅನ್ನ, ಸಾರು, ಕಾಫಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ವಯಸ್ಸಾದವರಿಗೆ ತೂಕ, ಬಣ್ಣ, ಬಾಯಾರಿಕೆಯ ಲೆಕ್ಕ ಸಾಲದು. ಬಾಯಾರಿಕೆ ಮಂದವಾಗಿರುತ್ತದೆ, ಮೂತ್ರಪಿಂಡಕ್ಕೆ ಮೂತ್ರವನ್ನು ಗಾಢಗೊಳಿಸುವ ಶಕ್ತಿ ಕುಂದಿರುತ್ತದೆ. ನೀರಿನ ಕೊರತೆ ತಿಳಿಯಲು ಚರ್ಮ ಚಿವುಟಿ ನೋಡುವುದೂ ವ್ಯರ್ಥ, ಏಕೆಂದರೆ ಸುಕ್ಕಾದ ಚರ್ಮ ಹೇಗಿದ್ದರೂ ತಡವಾಗಿಯೇ ಮರಳುತ್ತದೆ. ಹೊತ್ತುಹೊತ್ತಿಗೆ ಕುಡಿಯಲು ಕೊಡಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದರೆ ವೈದ್ಯರು ಹೇಳಿದ ಮಿತಿಯಲ್ಲಿ. ಎದ್ದು ನಿಂತಾಗ ತಲೆಸುತ್ತು, ಹಠಾತ್ ತೂಕ ಇಳಿಕೆ, ಹೊಸದಾಗಿ ಕಂಡ ಗಲಿಬಿಲಿ ಇದ್ದರೆ ರಕ್ತಪರೀಕ್ಷೆ ಮಾಡಿಸಿ.